ಗಾರೆಗೆ ಕೊಟ್ಟ ಬೆಲ್ಲ

ಮೈಸೂರಿನ ಅಂಚಿನ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ. ಅದನ್ನು ಕಟ್ಟಿದಾಗ ಸುತ್ತ ಬರೀ ಹಳ್ಳಿ. ನಾನು ನಿವೃತ್ತನಾಗುವ ಹೊತ್ತಿಗೆ ಹಳ್ಳಿಯ ಮೂರು ಕಡೆಯೂ ಬಡಾವಣೆಗಳು ಬಂದಿದ್ದವು. ರೈಲ್ವೆಯವರು ಊರಿನವರಿಗೆ, ನೀವೇ ರಿಪೇರಿ ಮಾಡಿಸಿ ನೋಡಿಕೊಳ್ಳುವುದಾದರೆ ಹಳೆಯ ಕಟ್ಟಡ ಕೆಡವುವುದಿಲ್ಲ ಎಂದರು. ತೊಂಬತ್ತರ ದಶಕದ ಕೊನೆಯಲ್ಲಿ ಊರಿನವರೂ ಬಡಾವಣೆಯವರೂ ಸೇರಿ ಸಮಿತಿ ಮಾಡಿದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಅಕ್ಷರ ದುಂಡಗಿತ್ತು. ನನ್ನನ್ನೇ ಕಾರ್ಯದರ್ಶಿ ಮಾಡಿದರು. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಮಾತಾಡಲು ಜನ ಸಿಕ್ಕರಲ್ಲ ಎಂದು ಒಪ್ಪಿಕೊಂಡೆ.

ಗೋಡೆಗಳಿಗೆ ಇದ್ದದ್ದು ಸುಣ್ಣದ ಗಾರೆ. ಆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಮಂಡಿ ಮೊಹಲ್ಲಾದಿಂದ ಕರೆತಂದೆ. ನನ್ನದೇ ವಯಸ್ಸು. ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ಕೇಳಿಸಿಕೊಳ್ಳುತ್ತಾ ಪ್ಲಾಟ್‌ಫಾರಂ ಉದ್ದಕ್ಕೂ ನಡೆದರು. ಸುಣ್ಣ ಗುಂಡಿಯಲ್ಲಿ ಒಂದು ತಿಂಗಳು ನೆನೆಯಬೇಕು, ಆಮೇಲೆ ಮರಳು ಬೆರೆಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಕುಟ್ಟಬೇಕು ಎಂದರು. ಕುಟ್ಟುವುದಕ್ಕೆ ಕೂಲಿಯವರು ಬೇಡ, ಮನೆಗೊಬ್ಬರು ಬರಲಿ, ಬರುವಾಗ ಒಂದು ಅಚ್ಚು ಬೆಲ್ಲ ತರಲಿ ಎಂಬುದು ಅವರ ಷರತ್ತು.

“ಕೈ ಹಾಕಿ ಕುಟ್ಟಿದೋರು ಆ ಗೋಡೆಗೆ ಎಲೆ ಅಡಿಕೆ ಉಗಿಯಲ್ಲ ಸ್ವಾಮಿ,” ಎಂದರು.

ಮನೆಮನೆಗೆ ಹೋಗಿ ಹೇಳಿದೆ. ಬಡಾವಣೆಯ ಒಬ್ಬ ಮೇಷ್ಟ್ರು, “ಗೋಡೆಗೆ ಸಕ್ಕರೆ ಕಾಯಿಲೆ ಬಂದ್ರೆ ಯಾರ್ರೀ ನೋಡ್ಕೋತಾರೆ?” ಎಂದು ನಗುತ್ತಲೇ ಬೆಲ್ಲ ಕೊಟ್ಟರು. ಹಳ್ಳಿಯ ಒಬ್ಬ ಅಜ್ಜಿ ಎರಡು ಅಚ್ಚು ಕೊಟ್ಟು, ಒಂದು ತನ್ನ ಗಂಡನದು ಎಂದಳು. ಸಿಗ್ನಲ್ ದೀಪ ಹಚ್ಚುತ್ತಿದ್ದ ಅವನು ಸತ್ತು ಎಷ್ಟೋ ವರ್ಷವಾಗಿತ್ತು. ಯಾವ ದಿನ ಯಾರು ಕುಟ್ಟಲು ಬರಬೇಕೆಂದು ಪಟ್ಟಿ ಬರೆದು ಟಿಕೆಟ್ ಕಿಟಕಿಯ ಪಕ್ಕ ಅಂಟಿಸಿದೆ.

ಸುಣ್ಣ ನೆನೆಹಾಕಿ ಹನ್ನೆರಡು ದಿನವಾಗಿತ್ತು. ದೊಡ್ಡ ಅಧಿಕಾರಿಯೊಬ್ಬರು ಮುಂದಿನ ವಾರವೇ ನೋಡಲು ಬರುತ್ತಾರೆಂದು ಸುದ್ದಿ ಬಂತು. ಕೆಲಸದಲ್ಲಿದ್ದಷ್ಟು ಕಾಲ ಅಂಥವರು ಬಂದಾಗಲೆಲ್ಲ ನಾನು ಎದ್ದು ನಿಂತವನು. ಈ ಸಲ ಅವರ ಪಕ್ಕದ ಕುರ್ಚಿ ನನ್ನದು. ಇನ್ನೂ ಕೆಲಸ ಆಗಿಲ್ಲ, ಆಮೇಲೆ ಬನ್ನಿ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಸಮಿತಿಗೆ ಸುಣ್ಣ ಬೇಡವಂತೆ ಎಂದು ಮೇಸ್ತ್ರಿಗೆ ಹೇಳಿ ಕಳಿಸಿದೆ. ಸಮಿತಿಯವರು ಮೇಸ್ತ್ರಿ ಏನಂದರು ಎಂದು ಕೇಳಿದಾಗ, “ಸಿಮೆಂಟೇ ಗಟ್ಟಿ, ಅದನ್ನೇ ಹಾಕಿ ಅಂತ ಅವರೇ ಹೇಳಿದ್ರು,” ಎಂದೆ.

ನಾಲ್ಕು ದಿನದಲ್ಲಿ ಸಿಮೆಂಟ್ ಬಳಿದು ಬಣ್ಣ ಹೊಡೆಸಿದೆ. ಜನ ಕೊಟ್ಟ ಬೆಲ್ಲವನ್ನು ಪಾನಕ ಮಾಡಿಸಿ ಅವರಿಗೇ ಹಂಚಿದೆ. ಅಧಿಕಾರಿ ಕಾಲು ಗಂಟೆ ಕೂತಿದ್ದು ಹೋದರು. ಜನ ಲೋಟ ಕೆಳಗಿಟ್ಟು ಮನೆಗೆ ಹೋದರು. ಅಂಟಿಸಿದ್ದ ಪಟ್ಟಿಯನ್ನು ನಾನೇ ಕಿತ್ತೆ.

ಎರಡನೆಯ ಮಳೆಗಾಲಕ್ಕೆ, ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಉಬ್ಬಿತು. ಸಿಮೆಂಟು ಹಪ್ಪಳದ ಹಾಗೆ ಎದ್ದು, ಬೀಳುವಾಗ ಹಳೆಯ ಇಟ್ಟಿಗೆಯನ್ನೂ ಕಿತ್ತುಕೊಂಡು ಬಿತ್ತು. ಬಡಾವಣೆಯ ಮೂಲೆಮನೆಯವರು ತಮ್ಮ ತಾರಸಿಯ ಗಾರೆ ಕೆಲಸವನ್ನು ಅದೇ ಮೇಸ್ತ್ರಿಗೆ ಒಪ್ಪಿಸಿದ್ದರು. ಸಭೆಯಲ್ಲಿ ಎದ್ದು, “ಆ ಮುದುಕನ ಮಾತು ಕಟ್ಕೊಂಡು ಸ್ಟೇಷನ್ ಹಾಳಾಯ್ತು, ನಮ್ಮನೆಗೆ ಅವನು ಬೇಡ,” ಎಂದರು. ಅವರನ್ನು ನೋಡಿ ಬೇರೆ ಎರಡು ಮನೆಯವರೂ ಮೇಸ್ತ್ರಿಯನ್ನು ಬಿಟ್ಟರು. ಅಂದಿನ ನಡಾವಳಿಯಲ್ಲಿ ‘ಮೇಸ್ತ್ರಿಯ ತಪ್ಪು ಸಲಹೆಯಿಂದ’ ಎಂದು ದುಂಡಗೆ ಬರೆದೆ.

ಸಭೆಗೆ ಬರುವವರು ಕಡಿಮೆಯಾದರು. ಆಮೇಲೆ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುವುದಕ್ಕೆ ರೈಲೂ ನಿಂತಿತು. ಸಂಜೆ ನಾನೊಬ್ಬನೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಹಳ್ಳಿಯ ಹೆಂಗಸರು ಹಳಿ ಕಿತ್ತ ಜಾಗ ದಾಟಿ ಅಡ್ಡದಾರಿಯಲ್ಲಿ ಹೋಗುತ್ತಿದ್ದರು. ಈ ಕಡೆ ತಿರುಗುತ್ತಿರಲಿಲ್ಲ. ಕಾಂಪೌಂಡಿನ ಒಳಗಿದ್ದದ್ದು ನಾನು, ನಾಯಿಗಳು, ಉದುರಿದ ಇಟ್ಟಿಗೆ ಪುಡಿ.

ತಡೆಯಲಾರದೆ ಒಂದು ದಿನ ಮಂಡಿ ಮೊಹಲ್ಲಾಕ್ಕೆ ಹೋದೆ. ಮೇಸ್ತ್ರಿ ಒಂದು ಬಣ್ಣದ ಅಂಗಡಿಯ ಜಗಲಿ ಮೇಲೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ.

“ಇಂಗಿಂಗೆ ಅವಸರ ಅಂತ ಒಂದು ಮಾತು ಹೇಳಿದ್ರೆ, ನಾನೇ ಸಿಮೆಂಟ್ ಬಳಿದು ಕೊಡ್ತಿದ್ನೋ ಏನೋ. ನಾನು ಆಡ್ದೇ ಇರೋ ಮಾತ ನನ್ನ ಬಾಯಿಗೆ ಹಾಕ್ಬುಟ್ರಲ್ಲ ಸ್ವಾಮಿ.”

ತಪ್ಪಾಯಿತು ಎಂದೆ.

“ನಂಗ್ಯಾಕೆ ಹೇಳ್ತೀರಿ? ನಾನು ಹೇಳಿಲ್ಲ ಅಂತ ನಂಗೆ ಗೊತ್ತಿಲ್ವಾ? ಅವರಿಗೆ ಹೇಳಿ.”

ಸಮಿತಿಯಲ್ಲಿ ಉಳಿದಿದ್ದವರು ನಾಲ್ಕೇ ಜನ. ಅವರೆದುರು ನಿಂತು ಹೇಳಿದೆ. “ಹೋಗ್ಲಿ ಬುಡಿ ಸಾರ್, ಹಳೇದು,” ಎಂದು ಒಬ್ಬರು ಬೋರ್‌ವೆಲ್ ವಿಷಯ ತೆಗೆದರು. ಮೂಲೆಮನೆಯವರು ಮನೆ ಮಾರಿ ದಟ್ಟಗಳ್ಳಿ ಕಡೆ ಹೋಗಿದ್ದರು. ಬಸ್ಸಿನಲ್ಲಿ ಹೋಗಿ ಎರಡು ದಿನ ಬೀದಿ ಬೀದಿ ವಿಚಾರಿಸಿದೆ. ಎಲ್ಲ ಹೊಸ ಮನೆಗಳು. ಪಕ್ಕದ ಮನೆಯವರು ಯಾರೆಂದೇ ಅಲ್ಲಿಯವರಿಗೆ ಗೊತ್ತಿರಲಿಲ್ಲ. ಮೂರನೆಯ ದಿನ ಹೋಗಲಿಲ್ಲ.

ಮತ್ತೆ ಮಂಡಿ ಮೊಹಲ್ಲಾಕ್ಕೆ ಹೋದಾಗ ಮೇಸ್ತ್ರಿ, “ಸಿಕ್ಕಿದ್ರಾ ಅವರು?” ಎಂದಷ್ಟೇ ಕೇಳಿದರು. ಇಲ್ಲವೆಂದೆ. ಅವರು ಜಗಲಿಯಿಂದ ಎದ್ದು ಒಳಗೆ ಹೋದರು. ಅಲ್ಲಿಗೆ ಮತ್ತೆ ಹೋಗುವ ಮುಖ ನನಗಿಲ್ಲ.

ಮೂಲೆಮನೆಯವರೇ, ಇದು ನಿಮ್ಮ ಕೈಗೆ ಸಿಕ್ಕರೆ ಓದಿಕೊಳ್ಳಿ. ಮೇಸ್ತ್ರಿ ಸಿಮೆಂಟ್ ಹಾಕಿ ಎನ್ನಲಿಲ್ಲ. ಒಂದು ತಿಂಗಳು ಕಾಯಿರಿ ಎಂದಿದ್ದರು. ಕಾಯಲಾರದೆ ಹೋದವನು ನಾನು.