ಮಾವಶಿಯ ಊಟಕ್ಕೆ ನಾನು ಬರೆದ ದಾರಿ

ಹೋದ ಭಾನುವಾರ ನಿಪ್ಪಾಣಿಯ ಹತ್ತಿರ, ಹೆದ್ದಾರಿಯ ಪಕ್ಕದ ಹೊಸ ಹೋಟೆಲೊಂದಕ್ಕೆ ಗೆಳೆಯರ ಜೊತೆ ಊಟಕ್ಕೆ ಹೋಗಿದ್ದೆ. ಕುರ್ಚಿ ಎಳೆದು ಕೂಡುವಷ್ಟರಲ್ಲಿ ಒಳಗಿನಿಂದ ಕೆಂಡದ ಮೇಲೆ ಸುಟ್ಟ ಒಣಕೊಬ್ಬರಿಯ ವಾಸನೆ ಬಂತು. ಅದರ ಬೆನ್ನಿಗೇ ಹುಣಸೆಹುಳಿ ಬಿದ್ದು ಕುದಿಯುವ ಮೀನುಸಾರಿನ ವಾಸನೆ... ಊಟ ಬಂದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಗೆಳೆಯರು ಏನಾಯಿತೆಂದು ಕೇಳಿದರು. ಪಿತ್ತ ಆಗಿದೆ ಎಂದು ಸುಳ್ಳು ಹೇಳಿದೆ. ಈ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳೇನೂ ಅಲ್ಲ ಅದು.

ಹಲವು ವರ್ಷಗಳ ಹಿಂದೆ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಜೊತೆಗೆ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ನಮ್ಮ ಸೀಮೆಯ ತಿನಿಸಿನ ಬಗ್ಗೆ ಬರೆಯುವ ಹುಚ್ಚು. ಉಗಾರದ ಕಡೆಯ ಗಾಣದಲ್ಲಿ ಬಿಸಿ ಬೆಲ್ಲ ಎಲ್ಲಿ ಸಿಗುತ್ತದೆ, ಐಗಳಿಯಲ್ಲಿ ಒಣದ್ರಾಕ್ಷಿ ಯಾರ ತೋಟದ್ದು ಚೆನ್ನ, ನಿಪ್ಪಾಣಿಯಲ್ಲಿ ಖಾರದ ಮಿಸಳ್ ಯಾವ ಓಣಿಯಲ್ಲಿ... ಇಂಥವು. ಜನ ಓದುತ್ತಿದ್ದರು. ಓದಿ, ಗಾಡಿ ತೆಗೆದುಕೊಂಡು ಹೋಗಿ ತಿಂದೂ ಬರುತ್ತಿದ್ದರು. ಅದು ನನಗೆ ದೊಡ್ಡ ಹೆಮ್ಮೆ.

ಅಂಕಲಿ ದಾಟಿ ಕಬ್ಬಿನ ಹೊಲಗಳ ನಡುವೆ ಹೊಳೆಗೆ ಇಳಿಯುವ ಕಚ್ಚಾ ರಸ್ತೆಯ ಕೊನೆಗೆ ಒಂದು ತಗಡಿನ ಚಪ್ಪರವಿತ್ತು. ಅಲ್ಲಿ ಅಡುಗೆ ಮಾಡುತ್ತಿದ್ದವರನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ಅವರ ಗಂಡ, ನಮಗೆಲ್ಲ ಕಾಕಾ, ಬೆಳಿಗ್ಗೆ ಲಾರಿಯ ಟ್ಯೂಬಿನ ಮೇಲೆ ಕುಳಿತು ಹೊಳೆಯಲ್ಲಿ ಬಲೆ ಬಿಡುತ್ತಿದ್ದರು. ಸಿಕ್ಕಷ್ಟೇ ಮೀನು, ಮುಗಿಯುವವರೆಗಷ್ಟೇ ಊಟ. ಬಿಸಿ ಜೋಳದ ರೊಟ್ಟಿ, ಸುಟ್ಟ ಕೊಬ್ಬರಿ ಅರೆದು ಮಾಡಿದ ಸಾರು, ಹೆಚ್ಚಿದ ಉಳ್ಳಾಗಡ್ಡಿ. ಅದೃಷ್ಟವಿದ್ದ ದಿನ ವಾಂಬ ಸಿಗುತ್ತಿತ್ತು. ಹಾವಿನ ಹಾಗೆ ಉದ್ದನೆಯ ಆ ಮೀನನ್ನು ಮಾವಶಿ ತುಂಡು ಮಾಡಿ ಹಂಚಿನ ಮೇಲೆ ಹುರಿಯುತ್ತಿದ್ದರು. ಅಂಥ ರುಚಿ ನಾನು ಎಲ್ಲಿಯೂ ಕಂಡಿಲ್ಲ.

ಎರಡು ವರ್ಷ ವಾರಕ್ಕೊಮ್ಮೆ ಉಂಡೆ. ಕಾಕಾ ಮಾತು ಕಡಿಮೆ. ಉಣ್ಣುವವರ ಮುಖ ನೋಡುತ್ತ ಕೂಡುವುದೇ ಅವರ ಸುಖ. ಯಾರಾದರೂ ಎರಡನೇ ಸಲ ಸಾರು ಕೇಳಿದರೆ, ಮೀಸೆಯಡಿ ನಗುತ್ತಿದ್ದರು.

ಒಂದು ಬೇಸಿಗೆಯಲ್ಲಿ, ನಿಮ್ಮ ಬಗ್ಗೆ ಬರೆಯುತ್ತೇನೆ ಎಂದೆ. ಮಾವಶಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

“ಬರೀರಿ ಸರ್. ಆದ್ರ ಮಳಿಗಾಲದಾಗ ಮೂರ ತಿಂಗಳ ಒಲಿ ಹಚ್ಚೂದಿಲ್ಲ ಅಂತನೂ ಬರೀರಿ. ಕೆಂಪ ನೀರ ಬಂತಂದ್ರ ಇವರು ಹೊಳಿಗೆ ಇಳ್ಯೂದಿಲ್ಲ.”

“ಬರೀತೀನಿ ಮಾವಶಿ” ಎಂದೆ.

ಬರೆದೆ ಕೂಡ. ಆದರೆ ಲೇಖನ ಪುರವಣಿಯ ಅಳತೆಗಿಂತ ಉದ್ದವಾಗಿತ್ತು. ಏನಾದರೂ ತೆಗೆಯಬೇಕಿತ್ತು. ಸಂಜೆಯ ಹೊಳೆಯ ಮೇಲೆ ಒಲೆಯ ಹೊಗೆ ಹಬ್ಬುವ ಬಗ್ಗೆ ಎರಡು ಸಾಲು ಬರೆದಿದ್ದೆ. ಅವನ್ನು ಬಿಡಲು ಮನಸ್ಸಾಗಲಿಲ್ಲ. ಮಳೆಗಾಲದ ಸಾಲನ್ನು ಅಳಿಸಿದೆ. ನಾನೇ ಅಳಿಸಿದೆ.

ಪುರವಣಿಯಲ್ಲಿ ಅದು ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಫೋಟೋ ಚೆನ್ನಾಗಿ ಬಂದಿತ್ತು, ದಾರಿಯನ್ನೂ ವಿವರವಾಗಿ ಬರೆದಿದ್ದೆ. ಯಾರೋ ಅದನ್ನು ಮೊಬೈಲಿನಲ್ಲಿ ಹಂಚಿದರು. ಬೆಳಗಾವಿಯಿಂದ, ಕೊಲ್ಹಾಪುರದಿಂದ, ಸಾಂಗಲಿಯಿಂದ ಕಾರುಗಳು ಕೆಸರಿನಲ್ಲಿ ಗಾಲಿ ಹುಗಿದುಕೊಂಡು ಇಳಿಯತೊಡಗಿದವು. ಎಲ್ಲರ ಬಾಯಲ್ಲೂ ಒಂದೇ ಹೆಸರು, ವಾಂಬ. ಮಾವಶಿ ಎರಡು ವಾರ ಕೈಮುಗಿದು ವಾಪಸು ಕಳಿಸಿದರಂತೆ. ಕಾಕಾ ಮಾತ್ರ ದಿನದಿಂದ ದಿನಕ್ಕೆ ಸಣ್ಣಗಾದರು. ಮನೆಬಾಗಿಲಿಗೆ ಬಂದವರು ಉಣ್ಣದೆ ಹೋಗುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಒಂದು ಕುಟುಂಬ ಬಂತು. ಜೊತೆಗೆ ಒಬ್ಬ ಮುದುಕರು, ಕಾಯಿಲೆಯಿಂದ ಎದ್ದವರು. ಹೊಳೆಮೀನು ಉಣ್ಣಬೇಕೆಂದು ಅವರ ಆಸೆಯಂತೆ. ಮಾವಶಿ ಬೇಡವೆಂದರೂ ಕಾಕಾ ಟ್ಯೂಬು ಎತ್ತಿಕೊಂಡರು.

“ದೂರದಿಂದ ಬಂದಾರ. ಹಂಗs ಹ್ಯಾಂಗ ಕಳಸೂದು? ದಂಡಿ ಬಿಟ್ಟ ಹೋಗೂದಿಲ್ಲ” ಎಂದರಂತೆ.

ದಂಡೆಯಲ್ಲೇ ಇದ್ದರು. ಮೇಲಿನಿಂದ ತೇಲಿಬಂದ ಮರದ ಕೊಂಬೆಯೊಂದು ಬಲೆಗೆ ಸಿಕ್ಕಿತು. ಬಲೆಯ ಹಗ್ಗ ಮುಂಗೈಗೆ ಸುತ್ತಿಕೊಂಡಿತ್ತು. ಕೊಂಬೆ, ಬಲೆ, ಮನುಷ್ಯ, ಮೂರೂ ಒಟ್ಟಿಗೆ ನಡುಹೊಳೆಗೆ ಹೋದವು. ಮಾವಶಿ ಒಲೆ ಹಚ್ಚಿ ಕೊಬ್ಬರಿ ಸುಡುತ್ತಿದ್ದರು. ಕೂಗು ಕೇಳಿ ಹೊರಗೆ ಬಂದಾಗ ಖಾಲಿ ಟ್ಯೂಬು ಸುತ್ತುತ್ತ ಹೋಗುವುದಷ್ಟೇ ಕಂಡಿತು.

ನನಗೆ ಸುದ್ದಿ ಮುಟ್ಟಿದ್ದು ಮರುದಿನ. ಹೋದಾಗ ದಂಡೆಯ ತುಂಬ ಜನ. ಮಾವಶಿ ನೀರಿನ ಕಡೆ ಮುಖ ಮಾಡಿ ಕುಳಿತಿದ್ದರು, ಅಳುತ್ತಿರಲಿಲ್ಲ. ಊಟಕ್ಕೆ ಬಂದ ಆ ಕುಟುಂಬ ಹಿಂದಿನ ದಿನವೇ ಮಧ್ಯಾಹ್ನದವರೆಗೆ ಕಾದು, ಯಾರಿಗೂ ಏನೂ ಹೇಳದೆ ಹೊರಟುಹೋಗಿತ್ತು. ನಾಲ್ಕನೆಯ ದಿನ ಉಗಾರ ಬುದ್ರುಕದ ಹತ್ತಿರ, ಮುಳುಗಿದ ಜಾಲಿಕಂಟಿಯಲ್ಲಿ ಕಾಕಾನ ದೇಹ ಸಿಕ್ಕಿತು. ಹಗ್ಗ ಕೈಯಲ್ಲೇ ಇತ್ತು.

ಆಮೇಲೆ ಆರು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಮಾವಶಿ ಕಾಗವಾಡದಲ್ಲಿ ಮಗಳ ಮನೆ ಸೇರಿದ್ದರು. ಕೊನೆಗೊಮ್ಮೆ ಧೈರ್ಯ ಮಾಡಿ ಹೋದೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು. ನನ್ನನ್ನು ಕಂಡು ಎದ್ದು, “ಬರ್ರಿ ಸರ್” ಎಂದು ಚಾಪೆ ಹಾಸಿದರು. ಮಗಳು ಚಹಾ ತಂದಿಟ್ಟಳು. ಮಾವಶಿ ಮತ್ತೆ ಜೋಳದ ಮೊರ ಎಳೆದುಕೊಂಡರು.

“ಒಂದ ಮಾತ ಕೇಳ್ಲ್ಯಾ ಸರ್? ನನಗ ಓದಾಕ ಬರೂದಿಲ್ಲ. ಮಳಿಗಾಲದಾಗ ಬಂದ್ ಇರತೈತಿ ಅನ್ನೂದ ಬರದಿದ್ರ್ಯೋ ಇಲ್ಲೋ?”

ಆ ಪ್ರಶ್ನೆಗಾಗಿಯೇ ನಾನು ಹೋಗಿದ್ದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

“ಬರದಿದ್ದೆ ಮಾವಶಿ. ಪೇಪರದವರು ಜಾಗಾ ಇಲ್ಲಂತ ತಗದಬಿಟ್ರು.”

ಅವರು ತಲೆಯಾಡಿಸಿದರು. ಏನೋ ಹಗುರಾದಂತೆ ಕಂಡರು.

“ಅದs ಅನ್ಕೊಂಡಿದ್ದೆ. ನೀವು ಬಿಡೂ ಮಂದಿ ಅಲ್ಲ. ಪ್ಯಾಟ್ಯಾಗ ಕುಂತವರಿಗೆ ಹೊಳಿ ಏನ್ ಗೊತ್ತರಿ...”

ಹೊರಡುವಾಗ ಮಗಳಿಗೆ ಹೇಳಿ ಒಂದು ಸೇರು ಜೋಳ ಕಟ್ಟಿಸಿಕೊಟ್ಟರು. ಬೇಡವೆನ್ನಲು ನನಗೆ ಮುಖವಿರಲಿಲ್ಲ. ಬಸ್ಸಿನಲ್ಲಿ ಆ ಗಂಟು ತೊಡೆಯ ಮೇಲಿಟ್ಟುಕೊಂಡು ಚಿಕ್ಕೋಡಿಯವರೆಗೂ ಕುಳಿತಿದ್ದೆ. ಅವತ್ತಿನಿಂದ ತಿನಿಸಿನ ಬಗ್ಗೆ ಬರೆಯುವುದನ್ನು ಬಿಟ್ಟೆ. ಇನ್ನೊಮ್ಮೆ ಹೋಗಿ ನಿಜ ಹೇಳುತ್ತೇನೆ ಎಂದುಕೊಂಡೇ ವರ್ಷಗಳು ಹೋದವು. ಎರಡು ವರ್ಷದ ಹಿಂದೆ ಅವರ ಅಳಿಯ ಫೋನು ಮಾಡಿ, ಮಾವಶಿ ಹೋದರು ಎಂದ. ಮಣ್ಣಿಗೆ ಹೋದೆ. ಹೇಳುವುದು ಉಳಿಯಿತು.

ಹೋಟೆಲಿನಿಂದ ಬಂದ ಮರುದಿನ ಅಂಕಲಿಗೆ ಹೋಗಿ ಹೊಳೆಯ ದಂಡೆಗೆ ಇಳಿದೆ. ಚಪ್ಪರವನ್ನು ಮಹಾಪೂರ ಎಂದೋ ಒಯ್ದಿದೆ. ನಾನು ನಿಂತಿದ್ದಾಗಲೇ ಒಂದು ಬಿಳಿ ಕಾರು ಬಂದು ನಿಂತಿತು. ಒಳಗೆ ಗಂಡ, ಹೆಂಡತಿ, ಹಿಂದೆ ಎರಡು ಮಕ್ಕಳು. ಗಂಡ ಕಿಟಕಿ ಇಳಿಸಿ ಮೊಬೈಲು ತೋರಿಸಿದ.

“ಇಲ್ಲೇ ಮೀನದ ಊಟ ಸಿಗತೈತಂತ್ರಿ. ಯಾರೋ ಭಾಳ ಛಲೋ ಬರದಾರ.”

“ಬರದಾಂವ ನಾನರಿ” ಎಂದೆ. “ಮೀನ ಹಿಡಿಯಾವರು ಈ ಹೊಳ್ಯಾಗs ಹೋದ್ರು. ಅಡಿಗಿ ಮಾಡಾವರೂ ಹೋದ್ರು. ಮಳಿಗಾಲದಾಗ ಬಂದ್ ಇರತೈತಿ ಅನ್ನೂ ಒಂದ ಮಾತ ಬರದು, ನಾನs ಅಳಸಿಬಿಟ್ಟೆ.”

ಆತನಿಗೆ ಏನು ತಿಳಿಯಿತೋ. ಹೆಂಡತಿ ಅವನ ತೋಳು ಮುಟ್ಟಿ ಏನೋ ಪಿಸುಗುಟ್ಟಿದಳು. ಕಿಟಕಿ ಏರಿತು, ಕಾರು ಹಿಂದೆ ಸರಿದು ಹೊರಳಿಕೊಂಡು ಕಬ್ಬಿನ ನಡುವೆ ಮರೆಯಾಯಿತು. ನಾನು ಮೊದಲ ಸಲ ನಿಜ ಹೇಳಿದ್ದೆ, ಅದೂ ಗುರುತಿಲ್ಲದ ಒಬ್ಬ ಮನುಷ್ಯನಿಗೆ. ಅದನ್ನು ಕೇಳಬೇಕಾಗಿದ್ದವರು ನನ್ನ ಸುಳ್ಳನ್ನೇ ನಂಬಿಕೊಂಡು ಹೋಗಿದ್ದರು.