ಕಲಿಸುವ ಮೊದಲು ಅಳೆಯಬೇಕು

ವಾಕ್ ಚಿಕಿತ್ಸೆಯ ವಿದ್ಯಾರ್ಥಿನಿ ಸಂಶೋಧನೆಗೆ ಇಳಿದರೆ, ಮೊದಲ ಕೆಲವು ವಾರ ರೋಗಿಗೆ ಒಳ್ಳೆಯದಾಗದಂತೆ ನೋಡಿಕೊಳ್ಳಬೇಕು. ಇದಕ್ಕೆ ಬೇಸ್‌ಲೈನ್ ಎಂಬ ಗೌರವದ ಹೆಸರಿದೆ. ಚಿಕಿತ್ಸೆಗೆ ಮೊದಲು ಮಾತನ್ನು ಮತ್ತೆ ಮತ್ತೆ ಅಳೆಯುವುದು. ಅಳತೆ ಕದಲದೆ ನಿಂತರೆ ಮಾತ್ರ, ಮುಂದಿನ ಸುಧಾರಣೆಯೆಲ್ಲ ನಮ್ಮಿಂದಲೇ ಎಂದು ಬರೆದುಕೊಳ್ಳಬಹುದು.

ನನ್ನ ಸಂಶೋಧನೆಗೆ ಸಿಕ್ಕ ಹನಕೆರೆಯ ಯಜಮಾನರಿಗೆ ಪಾರ್ಶ್ವವಾಯುವಾಗಿತ್ತು. ಕೈಕಾಲು ಬಹುಪಾಲು ಮರಳಿತ್ತು, ಮಾತು ಮರಳಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಹೇಳಹೊರಟರೆ ಪದ ಸಿಗುತ್ತಿರಲಿಲ್ಲ. ನಾನು ಮಂಡ್ಯದಿಂದ ರೈಲಿನಲ್ಲಿ ಹೋಗಿ, ಜಗಲಿಯಲ್ಲಿ ಕೂತು ಚಿತ್ರದ ಕಾರ್ಡು ತೋರಿಸುತ್ತಿದ್ದೆ. ಛತ್ರಿ, ಬೀಗ, ಕುರ್ಚಿ, ಏಣಿ. ಅವರು ಬೆವರುತ್ತಿದ್ದರು. ಹೇಳಿಕೊಡದೆ, ಮುಖಭಾವ ಬದಲಿಸದೆ ಕೂರುವುದು ನನ್ನ ಕೆಲಸ. ಅದಕ್ಕೆ ನನಗೆ ತರಬೇತಿ ಬೇಕಿರಲಿಲ್ಲ.

ಅವರ ಹೆಂಡತಿಯ ಚಿಂತೆ ಬೇರೆ. ಮದ್ದೂರಿನಿಂದ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಮಾತಾಡದ ಅಪ್ಪನನ್ನು ಕಂಡು, ಕಾಫಿ ಕುಡಿದು ಹೋದವರು ಮತ್ತೆ ಫೋನನ್ನೂ ಮಾಡಿರಲಿಲ್ಲ.

“ಭಾನ್ವಾರ ಮಳವಳ್ಳಿಯಿಂದ ಗಂಡಿನ ಕಡೆಯೋರು ಬತ್ತಾವ್ರೆ ಕಣವ್ವ. ಬಾಗ್ಲಲ್ಲಿ ‘ಬನ್ನಿ’ ಅಂದ್ರೆ ಸಾಕು. ಅದೊಂದ್ ಕಲಿಸ್ಬುಡು.”

“ಈಗ ಕಲಿಸೋ ಹಾಗಿಲ್ಲಮ್ಮ. ಮೊದಲು ಅಳತೆ ಮುಗೀಬೇಕು.”

“ಅಳ್ತೆ ತಗಳಕ್ಕೆ ಅವ್ರೇನು ಅಂಗಿ ಒಲಿಸ್ಕತಾವ್ರಾ?”

ನಾನು ಮಾರ್ಗದರ್ಶಕರಿಗೆ ಫೋನ್ ಮಾಡಿದೆ. “ಮದುವೆ ನಮ್ಮ ಸಂಶೋಧನೆಯ ಉದ್ದೇಶಗಳಲ್ಲಿಲ್ಲ,” ಎಂದರು. ನಿಜ, ಇರಲಿಲ್ಲ.

ಮುಂದಿನ ಸಲ ಹೋದಾಗ ಕಾರ್ಡು ತಿರುಗಿಸುವಷ್ಟರಲ್ಲಿ ಯಜಮಾನರು “ಛತ್ರಿ” ಎಂದರು. “ಬೀಗ.” “ಕುರ್ಚಿ.” ನನ್ನ ಗ್ರಾಫಿನ ಸ್ಥಿರವಾದ ಗೆರೆ ಏಣಿ ಹತ್ತಿತು. ಬಾಗಿಲಲ್ಲಿ ಹೆಂಡತಿ ಹಿಗ್ಗಿ ನಿಂತಿದ್ದರು. ದಿನಾ ಸಂಜೆ ಛತ್ರಿ ಬಿಚ್ಚಿ, ಬೀಗ ಕುಲುಕಿ, ಕುರ್ಚಿ ಎಳೆದು ಪಾಠ ಮಾಡಿದ್ದರಂತೆ.

“ಪರೀಕ್ಷೆ ಅಂದ್ಮೇಲೆ ಓದುಸ್ಬಾರ್ದಾ? ಪೇಲಾದ್ರೆ ನೀನು ಕೈ ಬುಟ್ಬುಟ್ರೆ?”

‘ಬನ್ನಿ’ಯನ್ನೂ ತಿದ್ದಿಸಿದ್ದರು. ಎಳೆದು ತೋರಿಸಲು ಅದಕ್ಕೆ ವಸ್ತುವಿಲ್ಲ, ನಾಲಿಗೆಗೆ ಹತ್ತಲಿಲ್ಲ.

ಭಾನುವಾರ ನಾನೂ ಇರಲೇಬೇಕೆಂದು ಅವರು ಹಟ ಹಿಡಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಗಂಡಿನ ತಾತ ಹೊಸ್ತಿಲು ದಾಟಿದರು. ಯಜಮಾನರು ಕೈ ಮುಗಿದರು, ಬಾಯಿ ತೆರೆದರು, ಮುಚ್ಚಿದರು. ‘ಬನ್ನಿ’ ನನ್ನ ನಾಲಿಗೆ ತುದಿಯಲ್ಲಿತ್ತು. ಮುಖಭಾವ ಬದಲಿಸದೆ ನಿಂತೆ. ಯಜಮಾನರು ಪಕ್ಕದ ಕುರ್ಚಿಯನ್ನು ದರದರ ಎಳೆದು ಅತಿಥಿಯ ಮುಂದಿಟ್ಟು, ಜೋರಾಗಿ, “ಕುರ್ಚಿ!” ಎಂದರು.

ತಾತ ಕೂತರು. “ನೀವೂ ಕೂತ್ಕಳಿ ಯಜ್ಮಾನ್ರೆ. ಮಾತು ನಿಧಾನುಕ್ ಬತ್ತದೆ, ಬುಡಿ. ನಮ್ಮನೇಲಿ ಮಾತಾಡೋರು ಜಾಸ್ತಿಯಾಗವ್ರೆ.”

ಆ ಸಲ ಕಾಫಿಯ ಮೇಲೆ ಊಟವೂ ಆಯಿತು, ಮದುವೆಯ ಮಾತೂ ಆಯಿತು.

ನನ್ನ ಪ್ರಬಂಧದಲ್ಲಿ ಇದ್ಯಾವುದೂ ಇಲ್ಲ. ಬೇಸ್‌ಲೈನ್ ಸ್ಥಿರವಾಗಿಲ್ಲದ ಕಾರಣ ಒಬ್ಬರನ್ನು ಅಧ್ಯಯನದಿಂದ ಕೈಬಿಡಲಾಗಿದೆ ಎಂಬ ಒಂದು ಸಾಲಿದೆ. ಕೈಬಿಟ್ಟ ಮೇಲೆ ಅವರಿಗೆ ಕಲಿಸಲು ವಿಜ್ಞಾನದ ಅಭ್ಯಂತರವೇನೂ ಉಳಿಯಲಿಲ್ಲ. ಸೋಮವಾರವೇ ರೈಲು ಹತ್ತಿದೆ. ಮದುವೆಯ ದಿನಕ್ಕೆ ‘ಬನ್ನಿ’ ಬೇಕಿತ್ತು. ಬರುವವರಿಗೆಲ್ಲ ಕುರ್ಚಿ ಎಳೆಯಲಾಗುತ್ತದೆಯೇ?