ಚೀಲದ ತಳಕ್ಕೆ ಕೈ ಹಾಕುವ ಗುಂಡವ್ವ

ಅಗರಖೇಡದ ಗುಂಡವ್ವ ಇಪ್ಪತ್ತೆರಡು ವರ್ಷದಿಂದ ಇಂಡಿ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಆರಿಸುತ್ತ ಬಂದವಳು. ಎಂಥ ದೊಡ್ಡ ವ್ಯಾಪಾರಿಯ ಮಾಲೇ ಬರಲಿ, ಮೇಲಿನ ಹಣ್ಣಿನ ಹೊಳಪಿಗೆ ಮರುಳಾಗುವವಳಲ್ಲ. ಸೆರಗು ಸಿಕ್ಕಿಸಿ, ಮೊಣಕೈವರೆಗೆ ತೋಳು ತೂರಿಸಿ, ಚೀಲದ ತಳದಿಂದ ಒಂದು ಹಣ್ಣು ಎಳೆದು ನೋಡಿದ ಮೇಲೆಯೇ ಮಾತು. ಇದಕ್ಕೆ ಬೈಸಿಕೊಂಡದ್ದೂ ಉಂಟು, ಬೈದವರ ಚೀಲಕ್ಕೆ ಎರಡೆರಡು ಸಲ ಕೈ ಹಾಕಿದ್ದೂ ಉಂಟು.

ಇಂಥವಳ ಮಗಳು ಪ್ರಜ್ಞಾ. ಪಿಯುಸಿ ಎರಡನೇ ವರ್ಷದ ಈ ಹುಡುಗಿ ಕಾಲೇಜಿನ ಬಸ್ಸು ಕಂಡರೆ ಸಾಕು, ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಕೈ ನಡುಕ, ಬೆವರು, ಉಸಿರಿಗೆ ಒದ್ದಾಟ. ಎದೆ ಪರೀಕ್ಷೆ ಮಾಡಿದ ಡಾಕ್ಟರು ಹೃದಯ ಗಟ್ಟಿಯಾಗಿದೆ, ಮನಸ್ಸಿನ ತಜ್ಞರಿಗೆ ತೋರಿಸಿ, ಆದರೆ ಲೈಸೆನ್ಸ್ ಇದ್ದವರನ್ನೇ ಹುಡುಕಿ ಎಂದರು. ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳಿತ್ತು. ಹುಡುಗಿ ಓದು ಬಿಡುತ್ತೇನೆ ಎಂದಳು.

ಭಾವ ರಾವಸಾಬನ ಚಿಂತೆಯೇ ಬೇರೆ. ಇಂಡಿಯಲ್ಲಿ ತೋರಿಸಿದರೆ ಹುಡುಗಿಗೆ ಹುಚ್ಚು ಎಂದು ಜನ ಡಂಗುರ ಸಾರುತ್ತಾರೆ, ನಾಳೆ ಗಂಡು ಸಿಗುವುದು ಬೇಡವೇ ಎಂದ. ಸಿಂದಗಿಯಲ್ಲಿ ಒಬ್ಬ ಮನೋತಜ್ಞನಿದ್ದಾನಂತೆ, ಅಲ್ಲಿಗೆ ಹೋಗಿ, ಹುಡುಗಿಯ ಹೆಸರು ಸುಮಂಗಲಾ ಎಂದು ಸುಳ್ಳು ಬರೆಸಿ ಎಂದು ಹೇಳಿಕೊಟ್ಟ. ಗಂಡ ಧರ್ಮರಾಜ ಅಣ್ಣನ ಮಾತಿಗೆ ತಲೆಯಾಡಿಸಿದ. ಗುಂಡವ್ವನೂ ಒಪ್ಪಿದಳು. ಆ ಒಪ್ಪಿಗೆಗಾಗಿ ಆಕೆ ಇಂದಿಗೂ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಸಿಂದಗಿಯಲ್ಲಿ ಆ ಮನೋತಜ್ಞನ ಮಾಳಿಗೆಯ ಮೇಲೆ ಬೆಂಚಿನ ತುಂಬ ಜನ, ಎಲ್ಲರ ಮುಖಕ್ಕೂ ಸೆರಗು, ಟವೆಲ್ಲು. ಸ್ವಲ್ಪ ಹೊತ್ತಿಗೆ ಒಬ್ಬರ ಕೆಮ್ಮು, ಇನ್ನೊಬ್ಬರ ಕಾಲುಂಗುರ ಗುರುತು ಹತ್ತಿದವು. ಪಕ್ಕದಲ್ಲಿ ಕೂತವಳು ಇಂಡಿ ಪೇಟೆಯ ಕಿರಾಣಿ ಅಂಗಡಿಯ ಕಸ್ತೂರೆವ್ವ. ಎದುರಿನ ಇಬ್ಬರೂ ಅದೇ ಪೇಟೆಯವರು. ಊರ ಕಣ್ಣು ತಪ್ಪಿಸಲು ಹೋಗಿ ಊರೇ ಇಲ್ಲಿ ಬಂದು ಕೂತಿತ್ತು. ಕಸ್ತೂರೆವ್ವ ಸೀರೆ ಕೊಳ್ಳಲು ಬಂದೆ ಎಂದಳು. ಗುಂಡವ್ವನಿಗೆ ಮೊದಲು ನಗು ಬಂತು, ಬೆನ್ನಿಗೇ ಸಿಟ್ಟು ಬಂತು.

ಒಳಗೆ ಗೋಡೆ ತುಂಬ ಬಂಗಾರದ ಚೌಕಟ್ಟಿನ ಸರ್ಟಿಫಿಕೇಟುಗಳು. ಆತ ಹುಡುಗಿಯ ಮುಖವನ್ನೂ ನೋಡದೆ, ಆರು ತಿಂಗಳು ಬರಬೇಕು ಎಂದ. ಗುಂಡವ್ವ ಎದ್ದು ಮೇಜಿನ ಹಿಂದೆ ಹೋಗಿ, ಎಲ್ಲಕ್ಕಿಂತ ಕೆಳಗಿದ್ದುದನ್ನು ಮೊಳೆಯಿಂದ ಕಳಚಿ ಮಗಳ ಕೈಗಿತ್ತಳು. ಪ್ರಜ್ಞಾ ಓದಿದಳು: ವ್ಯಕ್ತಿತ್ವ ವಿಕಸನ, ಮೂರು ದಿನದ ಶಿಬಿರ. ಉಳಿದವೂ ಅದರ ಅಣ್ಣತಮ್ಮಂದಿರೇ. ಲೈಸೆನ್ಸ್ ನಂಬರ್ ಕೇಳಿದರೆ, ನಂಬಿಕೆ ಇರಬೇಕು ಎಂದ ಆ ಮಹಾನುಭಾವ.

“ನಂಬಾಕ ನಾ ತಯಾರ ಅದೀನ್ರಿ,” ಎಂದಳು ಗುಂಡವ್ವ. “ತೋರಸಾಕ ನಿಮ್ಮ ಕಡೆ ಏನೈತಿ?”

ಉತ್ತರಕ್ಕೆ ಕಾಯದೆ ಹೊರಬಂದವಳು ಬೆಂಚಿನ ಮುಂದೆ ನಿಂತಳು. “ಕಸ್ತೂರೆವ್ವಾರ, ಸೀರಿ ಇಂಡ್ಯಾಗೂ ಸಿಗ್ತಾವು. ಏಳ್ರಿ.”

ಇಂಡಿಯ ಸರ್ಕಾರಿ ದವಾಖಾನೆಯಲ್ಲಿ ವಿಚಾರಿಸಿದಾಗ, ಪ್ರತಿ ಮಂಗಳವಾರ ಜಿಲ್ಲಾ ಆಸ್ಪತ್ರೆಯಿಂದ ಮನಸ್ಸಿನ ತಜ್ಞರು ಬರುತ್ತಾರೆ ಎಂದು ನರ್ಸ್ ತಿಳಿಸಿದಳು. ಇಷ್ಟು ಹತ್ತಿರ ಇದ್ದದ್ದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಗುಂಡವ್ವ ಮಾರುಕಟ್ಟೆಯಲ್ಲಿ ಎಲ್ಲರೆದುರು ಕಾರಣ ಹೇಳಿಯೇ ರಜೆ ಕೇಳಿದಳು. ರಾವಸಾಬ ಮಾತು ಬಿಟ್ಟ. ಬಿಟ್ಟರೆ ಬಿಡಲಿ ಎಂದುಕೊಂಡು ಹಾಡಹಗಲು ಮಗಳನ್ನು ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತಳು. ಹಿಂದೆ ಮೂರನೆಯವಳಾಗಿ ಕಸ್ತೂರೆವ್ವ, ಸೆರಗಿನ್ನೂ ಮೂಗಿನ ಮೇಲೆಯೇ.

ಸಗೀರಾ ಎಂಬ ಆ ಮನಶ್ಶಾಸ್ತ್ರಜ್ಞೆ ಇನ್ನೂ ಚಿಕ್ಕ ವಯಸ್ಸಿನವಳು. ಗುಂಡವ್ವ ಕೂರುವ ಮೊದಲೇ ಲೈಸೆನ್ಸ್ ನಂಬರ್ ಕೇಳಿದಳು. ಸಗೀರಾ ಮುಖ ಗಂಟಿಕ್ಕಲಿಲ್ಲ. ಕಾರ್ಡು ತೋರಿಸಿ, ಆ ಸಂಖ್ಯೆಯನ್ನು ಪ್ರಜ್ಞಾಳ ಮೊಬೈಲಿನಲ್ಲೇ ಸರ್ಕಾರದ ನೋಂದಣಿ ಪಟ್ಟಿಯಲ್ಲಿ ಹುಡುಕಿಸಿದಳು. “ಕೇಳಿದ್ದು ಚಲೋ ಆತ್ರಿ. ಎಲ್ಲಾರೂ ಹಿಂಗ ಕೇಳಬೇಕು,” ಎಂದಳು.

ಬಳಿಕ ಪೆನ್ನು ತೆಗೆದು ಹುಡುಗಿಯ ಹೆಸರೇನು ಎಂದಳು. ಬಾಗಿಲು ತೆರೆದೇ ಇತ್ತು, ಹೊರಗೆ ಸಾಲಿಗೆ ಸಾಲೇ ಕಿವಿಯಾಗಿತ್ತು. ಗುಂಡವ್ವ ಬಾಗಿಲು ಹಾಕಲು ಎದ್ದಳು. ಮಗಳು ಆಕೆಯ ಸೆರಗು ಹಿಡಿದು ಕೂರಿಸಿದಳು.

“ಪ್ರಜ್ಞಾ ರೀ. ಅಪ್ಪನ ಹೆಸರ ಧರ್ಮರಾಜ. ಊರು ಅಗರಖೇಡ,” ಎಂದಳು, ಸಾಲಿನ ಕೊನೆಯವರಿಗೂ ಕೇಳುವಂತೆ.